ಏಳನೇ ನಂಬರಿನ ಬೂಟು

ಜನವರಿ 6, ಸೋಮವಾರ. ಬೆಳಿಗ್ಗೆ 7.10

ಓಡಿ ಬಂದೆ. ಎಡಗಾಲಿನ ಹೆಬ್ಬೆರಳ ಉಗುರು ಮತ್ತೆ ಕಪ್ಪಾಗಿದೆ. ಒತ್ತಿದರೆ ಜೀವ ಹೋಗುತ್ತದೆ. ಹತ್ತುವಾಗ ಏನೂ ಇಲ್ಲ — ಇಳಿಯುವಾಗಲೇ ಎಲ್ಲ ರಗಳೆ. ನಮ್ಮ ಶಹಾಪುರದ ಗುಡ್ಡದ ಆ ಬಂಡೆಯ ಹತ್ತಿರ ಬಂದ ಕೂಡಲೇ ಕಾಲು ತಾನಾಗಿ ಬಿಗಿಯುತ್ತದೆ. ಹೋದ ವಾರ ಬಿದ್ದದ್ದು ಅಲ್ಲಿಯೇ. ಮೊಣಕಾಲಿನ ಗಾಯ ಇನ್ನೂ ಹಸಿ.

ಫೆಬ್ರವರಿ ಒಂಬತ್ತಕ್ಕೆ ಸುರಪುರದ ಗುಡ್ಡದಲ್ಲಿ ಓಟದ ಸೆಲೆಕ್ಷನ್. ಮೊದಲು ಬರುವ ಮೂವರು ಹುಡುಗಿಯರು ರಾಜ್ಯ ತಂಡಕ್ಕೆ. ಹುಡುಗಿಯರು! ನನಗೆ ಇಪ್ಪತ್ತೊಂಬತ್ತು. ಒಂದು ಕೂಸಿನ ತಾಯಿ. ಮೂರು ವರ್ಷದ ಹಿಂದೆ ಇದೇ ಓಟದಲ್ಲಿ ಎರಡನೆಯವಳಾಗಿ ಬಂದಿದ್ದೆ. ಕ್ಯಾಂಪಿಗೆ ಬ್ಯಾಗ್ ಕಟ್ಟುವ ಹೊತ್ತಿಗೆ ವಾಂತಿ ಶುರುವಾಯಿತು... ಕ್ಯಾಂಪ್ ಹೋಯಿತು, ಪುಟ್ಟಿ ಬಂದಳು. ಪುಟ್ಟಿ ಬಂದದ್ದಕ್ಕೆ ಬೇಸರವಿಲ್ಲ. ಕ್ಯಾಂಪ್ ಹೋದದ್ದಕ್ಕೆ ಇದೆ. ಎರಡೂ ಖರೆ.

ಮುಜಫರ ಸರ್ ನಿನ್ನೆ ಮುಚ್ಚುಮರೆ ಇಲ್ಲದೆ ಹೇಳಿದರು. ಕಾಲೇಜಿನಿಂದ ನನಗೆ ಓಟ ಕಲಿಸಿದವರು, ಸುಳ್ಳು ಹೇಳಿ ಗೊತ್ತಿಲ್ಲ. “ಮುಂದಿನ ವರ್ಷ ನಿನ್ನ ಹೆಸರು ಕಳಿಸಿದ್ರ ಕಮಿಟಿಯವ್ರು ಒಪ್ಪೂದಿಲ್ಲ ಜ್ಯೋತಿ. ಎಲ್ಲಾರೂ ಸಣ್ಣ ಹುಡುಗ್ಯಾರನ್ನೇ ಕೇಳಾಕತ್ತಾರ. ಏನ್ ಮಾಡ್ತಿ, ಈ ಸಲನ ಮಾಡು.”

ಗಂಡನಿಗೂ ಫೋನಿನಲ್ಲಿ ಹೇಳಿಬಿಟ್ಟಿದ್ದೇನೆ — ಈ ಸಲ ಆಗದಿದ್ದರೆ ಓಟ ಬಿಟ್ಟೆ ಅಂತ. ಯಾಕೆ ಹೇಳಿದೆನೋ.

ಶಾಲೆಗೆ ತಡ. ಎಂಟನೇ ಕ್ಲಾಸಿಗೆ ಡ್ರಿಲ್ ಮಾಡಿಸಬೇಕು.

ಜನವರಿ 7, ಮಂಗಳವಾರ

ಆರ್ಡರ್ ಹಾಕಿಬಿಟ್ಟೆ. ಟ್ರೇಲ್ ಶೂ. ಗುಡ್ಡ, ಕಲ್ಲು, ಮಣ್ಣಿನ ದಾರಿಯಲ್ಲಿ ಓಡುವುದಕ್ಕೇ ಮಾಡಿದ್ದು. ತೀರಾ ಹಗುರವಂತೆ. ನನ್ನ ಹಳೆಯವು ಬೂಟಲ್ಲ, ಎಮ್ಮೆ. ಅಡಿ ಸವೆದು ನುಣ್ಣಗಾಗಿದೆ. ಬಂಡೆಯ ಮೇಲೆ ಇಟ್ಟರೆ ಸರ್ರನೆ ಜಾರುತ್ತದೆ. ಬೀಳದೆ ಇನ್ನೇನು? ತಪ್ಪು ಬೂಟಿನದು, ನನ್ನದಲ್ಲ. ಬೆಳಿಗ್ಗೆಯಿಂದ ಇದನ್ನೇ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೇನೆ.

ನಂಬರ್ ಆರು. ಮೊಬೈಲಿನಲ್ಲಿ ‘ಕಾಲು ಅಳೆದುಕೊಳ್ಳಿ’ ಎಂದು ಚಿತ್ರ ಹಾಕಿದ್ದರು. ನೋಡಲಿಲ್ಲ. ಕಾಲೇಜಿನಿಂದ ಆರೇ. ನನ್ನ ಕಾಲು ನನಗೆ ಗೊತ್ತಿಲ್ಲವೇ?

ಅತ್ತೆಗೆ ಸಮಾಧಾನವಿಲ್ಲ. “ಇದ್ದ ಬೂಟು ಮೊಣಕಾಲು ಒಡಿಸ್ಯಾವ. ಹೊಸಾವು ತಲಿ ಒಡಸ್ತಾವೇನು ನೋಡೂನು.” ಅತ್ತೆ ಅಂದರೆ ದೇವಕ್ಕ, ನನ್ನ ಅಪ್ಪನ ಸ್ವಂತ ಅಕ್ಕ, ಈಗ ಗಂಡನ ತಾಯಿ. ಹಾಗಾಗಿ ಬೈಯುವ ಹಕ್ಕು ಎರಡು ಪಟ್ಟು. ಆದರೆ ನಾನು ಓಡಲು ಹೋದಾಗ ಪುಟ್ಟಿಯನ್ನು ನೋಡಿಕೊಳ್ಳುವವರೂ ಅವರೇ. ಓಡುವಾಗ ಕಾಲುಂಗುರ ಬೆರಳಿಗೆ ಕೊರೆಯುತ್ತದೆ, ಬಿಚ್ಚಿ ಅವರ ಕೈಗೆ ಕೊಡುತ್ತೇನೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನಾನು ಬರುವ ತನಕ ಬಾಗಿಲು ಬಿಟ್ಟು ಏಳುವುದಿಲ್ಲ.

ಜನವರಿ 12, ಭಾನುವಾರ

ಬಂದವು! ಗಾಢ ನೀಲಿ, ಕಿತ್ತಳೆ ಬಣ್ಣದ ಲೇಸು. ಪುಟ್ಟಿಯ ಕೈಗೆ ಒಂದು ಕೊಟ್ಟೆ. ಎರಡು ವರ್ಷದ ಕೂಸು, ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಮನೆ ತುಂಬ ಓಡಾಡಿತು. ಅಷ್ಟು ಹಗುರ. ಮೇಲಿನ ಬಟ್ಟೆ ಜಾಳಿಗೆಯಂತಿದೆ, ಗಾಳಿ ಆಡುತ್ತದೆ. ಅಡಿಯಲ್ಲಿ ಹಲ್ಲು ಹಲ್ಲು.

ಹಾಕಿಕೊಂಡು ಅಂಗಳದಲ್ಲಿ ನಡೆದೆ. ಸ್ವಲ್ಪ ಬಿಗಿ. ಹೊಸದಲ್ಲವೇ, ಸಡಿಲಾಗುತ್ತವೆ.

ಸಂಜೆ ಗ್ರೌಂಡಿನಲ್ಲಿ ಮುಜಫರ ಸರ್ ಬೂಟಿನ ಮೂತಿಯ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. “ಅರೆ, ಬೆರಳಿಗೆ ಜಾಗಾನೇ ಇಲ್ಲ. ಗುಡ್ಡ ಇಳಿಯುವಾಗ ಪೂರಾ ಪಾದ ಮುಂದಕ್ಕ ಸರೀತದ. ಉಗುರು ಉಳಿತಾವೇನು?”

“ಆರೇ ಸರ್ ನನ್ನ ನಂಬರು. ಮೊದಲಿಂದ.”

“ಮೊದಲಿಂದ ನನ್ನ ತಲಿ ಮ್ಯಾಲ ಕೂದಲಾನೂ ಇದ್ವು.”

ಗ್ರೌಂಡಿನಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಚುರ್ ಎಂದಿತು.

ಜನವರಿ 15, ಬುಧವಾರ. ಬೆಳಿಗ್ಗೆ 8

ಹತ್ತುವುದು — ಅಬ್ಬಾ! ಕಾಲಿಗೆ ಏನೋ ಹಾಕಿದ್ದೇನೆ ಎಂಬುದೇ ಮರೆತುಹೋಗುತ್ತದೆ. ಕಲ್ಲಿನ ಮೇಲೆ ಇಟ್ಟಲ್ಲಿ ನಿಲ್ಲುತ್ತದೆ. ತುದಿಗೆ ಹೋಗಿ ನಿಂತಾಗ ಮೂರು ವರ್ಷದ ಹಿಂದಿನ ಜ್ಯೋತಿಯೇ ಸಿಕ್ಕ ಹಾಗಾಯಿತು.

ಇಳಿಯುವುದು... ಬೇಡ. ಪ್ರತಿ ಹೆಜ್ಜೆಗೂ ಹೆಬ್ಬೆರಳು ಗೋಡೆಗೆ ಗುದ್ದಿದ ಹಾಗೆ. ಅರ್ಧ ದಾರಿ ಅಡ್ಡಡ್ಡ ಇಳಿದೆ, ಏಡಿಯ ಹಾಗೆ. ಹೀಗೆ ಇಳಿದರೆ ಮೂರನೆಯವಳಲ್ಲ, ಮೂವತ್ತನೆಯವಳು.

ಸರ್ ಇನ್ನೊಂದು ಸುದ್ದಿ ಹೇಳಿದರು. ಹತ್ತಿಕುಣಿಯಲ್ಲಿ ಗುರುದೇವಿ ಅಂತ ಒಂದು ಹುಡುಗಿ ಇದ್ದಾಳಂತೆ. ಹತ್ತೊಂಬತ್ತು ವರ್ಷ. ಕೆರೆ ಏರಿಯ ಮೇಲೆ ಹರಿದ ಕ್ಯಾನ್ವಾಸ್ ಬೂಟಿನಲ್ಲಿ ಓಡುತ್ತಾಳಂತೆ. “ಇಳಿಯೂದು ನೋಡ್ಬೇಕು ನೀ. ಆಡಿನ ಮರಿ ಇದ್ದಂಗ.” ಇದನ್ನು ನನಗೆ ಯಾಕೆ ಹೇಳಬೇಕಿತ್ತು? ಆಗಿನಿಂದ ಆ ಆಡಿನ ಮರಿ ನನ್ನ ತಲೆಯೊಳಗೆ ಇಳಿಯುತ್ತಲೇ ಇದೆ.

ಜನವರಿ 19, ಭಾನುವಾರ. ಸಂಜೆ

ಜಗಳ. ನನ್ನದೇ ತಪ್ಪು. ಆದರೂ ಬರೆಯುತ್ತೇನೆ.

ಬಿಸಿನೀರಲ್ಲಿ ಕಾಲು ಇಟ್ಟುಕೊಂಡು ಕೂತಿದ್ದೆ. ಇವರು ಕಡೇಚೂರಿನ ಫ್ಯಾಕ್ಟರಿಯಿಂದ ವಾರದ ರಜೆಗೆ ಬಂದಿದ್ದರು, ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಸುತ್ತಿದ್ದರು. ಅತ್ತೆ ಎಣ್ಣೆ ತಂದು ನನ್ನ ಎದುರು ಕೂತರು. ಪಾದವನ್ನು ಮಡಿಲಿಗೆ ಎಳೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಬೂಟು ಸಣ್ಣಾವಲ್ಲ ಜ್ಯೋತಿ. ನಿನ್ನ ಕಾಲು ದೊಡ್ಡಾವು ಆಗ್ಯಾವ. ಹಡದ ಮ್ಯಾಲ ಹಿಗ್ಗತಾವ. ನಿನ್ನ ಗಂಡ ಬಸವ ಹುಟ್ಟಿದ ಮ್ಯಾಲ ನನ್ನ ಕಾಲುಂಗುರಾನೂ ಬಿಚ್ಚಿ ದೊಡ್ಡಾವು ಮಾಡ್ಸಿದ್ರು.”

ಅಷ್ಟೇ ಹೇಳಿದ್ದು. ನನಗೆ ಯಾಕೆ ಅಷ್ಟು ಸಿಟ್ಟು ಬಂತು? “ನನಗೇನೂ ಆಗಿಲ್ಲ. ನಾ ಮೊದಲಿನಂಗೇ ಅದೀನಿ!” ಎಂದು ಕಿರುಚಿಬಿಟ್ಟೆ. ಕಾಲು ಎಳೆದುಕೊಂಡ ರಭಸಕ್ಕೆ ಎಣ್ಣೆಯ ಬಟ್ಟಲು ಉರುಳಿತು. ಪುಟ್ಟಿ ಅಳಲು ಶುರು. ಇವರು “ಏ, ಏನಾತು ಈಗ?” ಎಂದು ಅವ್ವನ ಮುಖ, ನನ್ನ ಮುಖ ನೋಡುತ್ತ ನಿಂತರು.

ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಳೆಯ ಪೇಪರ್ ಹಾಸಿ ಅದರ ಮೇಲೆ ನಿಂತು ಪೆನ್ನಿನಿಂದ ಪಾದದ ಸುತ್ತ ಗೆರೆ ಎಳೆದೆ. ಬೂಟನ್ನು ಅದರ ಮೇಲೆ ಇಟ್ಟೆ. ಗೆರೆ ಬೂಟಿನ ಹೊರಗೆ ಬಂತು. ಎರಡೂ ಕಾಲಿನದು.

ಅಳು ಬಂತು. ಬಹಳ ಹೊತ್ತು ಅಳುತ್ತ ಕೂತೆ. ಬೂಟಿಗಾಗಿ ಅಲ್ಲ. ಹೊಟ್ಟೆ ಇಳಿಯಿತು, ಉಸಿರು ವಾಪಸ್ ಬಂತು, ಕಾಲಲ್ಲಿ ಶಕ್ತಿ ಬಂತು. ಎಲ್ಲ ವಾಪಸ್ ಬಂದಿದೆ ಎಂದುಕೊಂಡು ಎರಡು ವರ್ಷ ಓಡಿದ್ದೇನೆ. ಪಾದವೇ ಬೇರೆಯದಾಗಿದೆ, ನನಗೆ ಗೊತ್ತೇ ಇಲ್ಲ. ಇನ್ನೇನೇನು ಬೇರೆಯಾಗಿದೆಯೋ.

ಎಕ್ಸ್‌ಚೇಂಜ್ ಹಾಕಿದೆ. ಏಳು. ಎರಡು ಸಲ ಅಳಿಸಿ ಬರೆದೆ, ನಗು ಬರುತ್ತದೆ ಈಗ. ಅತ್ತೆಗೆ ಊಟ ಬಡಿಸಿದೆ. “ಉಪ್ಪು ಕಮ್ಮಿ ಆಗ್ಯಾದ,” ಎಂದರು. ಅಂದರೆ ಸಿಟ್ಟು ಇಲ್ಲ.

ಜನವರಿ 28, ಮಂಗಳವಾರ

ಆರನೇ ನಂಬರಿನವು ವಾಪಸ್ ಹೋದವು. ಏಳು ಬಂದಿಲ್ಲ. ದಿನಾ ಬೆಳಿಗ್ಗೆ ಮೊಬೈಲ್ ‘ಇಂದು ತಲುಪುತ್ತದೆ’ ಎನ್ನುತ್ತದೆ. ದಿನಾ ಸಂಜೆ ಬರುವುದಿಲ್ಲ. ಕೊರಿಯರಿನವನಿಗೆ ಫೋನ್ ಹಚ್ಚಿದರೆ, “ಪಾರ್ಸಲ್ ಯಾದಗಿರಿಯಾಗ ಅದ್ರೀ ಮೇಡಂ. ಗಾಡಿ ಕೆಟ್ಟದ್ರೀ.” ನಾಳೆ? “ನಾಳಿನೂ ಗಾಡಿ ಕೆಟ್ಟೇ ಇರ್ತದ್ರೀ.” ಇಷ್ಟು ಖರೆ ಮಾತಾಡುವ ಮನುಷ್ಯನಿಗೆ ಏನು ಬೈಯುವುದು?

ಅಲ್ಲಿಯವರೆಗೆ ಹಳೆಯ ಎಮ್ಮೆಗಳಲ್ಲಿ ಬರೀ ಹತ್ತುತ್ತೇನೆ, ಇಳಿಯುವಾಗ ನಡೆದೇ ಬರುತ್ತೇನೆ. ಇಳಿಯುವುದನ್ನು ಕಲಿಯದೆ ಓಟ ಹೇಗೆ ಗೆಲ್ಲುವುದು... ಊಟ ಸೇರುತ್ತಿಲ್ಲ.

ಫೆಬ್ರವರಿ 1, ಶನಿವಾರ

ಬಂದವು. ಅದೇ ನೀಲಿ, ಅದೇ ಕಿತ್ತಳೆ ಲೇಸು. ಹೆಬ್ಬೆರಳ ಮುಂದೆ ಒಂದು ಬೆರಳಿನಷ್ಟು ಜಾಗ. ಹಿಮ್ಮಡಿ ಗಟ್ಟಿಯಾಗಿ ಕೂತಿದೆ. ಬೆರಳು ಬಿಚ್ಚಿ ಮುಚ್ಚಬಹುದು!

ಅತ್ತೆ ಹುಬ್ಬು ಗಂಟಿಕ್ಕಿದರು. “ಶನಿವಾರ ಬೂಟು ಮನಿಗಿ ತಂದಿಯಲ್ಲವ್ವಾ?” ನಾನೇನು ತಂದೆನೇ ಅತ್ತೀ, ಕೆಟ್ಟ ಗಾಡಿ ಇವತ್ತೇ ರಿಪೇರಿಯಾದರೆ ನಾನೇನು ಮಾಡಲಿ ಎಂದೆ. ನಗಲಿಲ್ಲ.

ಹೊಸ ಬೂಟನ್ನು ಓಟದ ದಿನವೇ ಹೊಸದಾಗಿ ಹಾಕಬಾರದು. ಕಾಲಿಗೂ ಬೂಟಿಗೂ ಪರಿಚಯ ಆಗಬೇಕು. ಅದಕ್ಕೇ ಈಗ ರೊಟ್ಟಿ ಬಡಿಯುವಾಗಲೂ ಅವನ್ನೇ ಹಾಕಿಕೊಂಡಿದ್ದೇನೆ. ಅಡುಗೆಮನೆಯಲ್ಲಿ ಬೂಟು! ಅತ್ತೆ ಒಲೆಗೆ ಕೈಮುಗಿದು ಹೊರಗೆ ಹೋದರು.

ಫೆಬ್ರವರಿ 3, ಸೋಮವಾರ

ಗುಡ್ಡ. ಮೇಲೆ, ಕೆಳಗೆ, ಮತ್ತೆ ಮೇಲೆ, ಮತ್ತೆ ಕೆಳಗೆ.

ಉಗುರಿಗೆ ಏನೂ ಆಗಿಲ್ಲ! ಬಂಡೆಯ ಮೇಲೆ ಕಾಲಿಟ್ಟರೆ ಹಿಡಿದುಕೊಳ್ಳುತ್ತದೆ. ಕಾಲುವೆಯ ನೀರಲ್ಲಿ ಕಾಲು ಹೋಯಿತು, ಮನೆ ಸೇರುವುದರೊಳಗೆ ಒಣಗಿತ್ತು. ಒಂದೇ ತೊಂದರೆ — ಅಡಿ ತೆಳು. ಚೂಪು ಕಲ್ಲು ಪಾದಕ್ಕೆ ಗೊತ್ತಾಗುತ್ತದೆ. ಒಂದು ಜಾಲಿಮುಳ್ಳು ನೆಟ್ಟಗೆ ಒಳಗೇ ಬಂತು, ಕೂತು ಕಿತ್ತೆ. ಹಗುರ ಬೇಕು ಅಂದರೆ ಇಷ್ಟು ಸಹಿಸಬೇಕು. ಸಹಿಸುತ್ತೇನೆ.

ಸರ್ ಗಡಿಯಾರ ನೋಡಿ ಬೆನ್ನು ಚಪ್ಪರಿಸಿದರು. ಸರ್ ಬೆನ್ನು ಚಪ್ಪರಿಸಿ ಮೂರು ವರ್ಷವಾಗಿತ್ತು.

ಫೆಬ್ರವರಿ 5, ಬುಧವಾರ

ಬಿದ್ದೆ. ಹಾಳಾದ್ದು. ಬೂಟಿನ ತಪ್ಪಲ್ಲ — ಇಳಿಯುತ್ತ ಕೈಗಡಿಯಾರ ನೋಡಿದೆ. ಅದೇ ಮೊಣಕಾಲು. ಅಂಗೈಯ ಚರ್ಮ ಕಿತ್ತು ರಕ್ತ ಬಂತು. ಮೂಳೆಗೆ ಏನೂ ಆಗಿಲ್ಲ, ಭಾನುವಾರ ಓಡಬಹುದು.

ಅತ್ತೆಗೆ ಮುಚ್ಚಿಡಬೇಕೆಂದು ಹಿತ್ತಿಲಿನಿಂದ ಬಂದೆ. ಪುಟ್ಟಿ ನೋಡಿ “ಅವ್ವ ಲತ್ತ! ಲತ್ತ!” ಎಂದು ಊರಿಗೆಲ್ಲ ಸಾರಿತು. ಅತ್ತೆ ಬಂದರು, ನೋಡಿದರು. ಬೈಯಲಿಲ್ಲ. ಅದೇ ಹೆದರಿಕೆ ನನಗೆ. ಅರಿಷಿಣ ಹಚ್ಚುವಾಗ ಅವರ ಕೈ ತಣ್ಣಗಿತ್ತು.

“ಬೀಳೂದು ಇದು ಎರಡನೇದ್ದು,” ಎಂದರು.

ಸಂಜೆ ಪಂಚಾಂಗ ನೋಡುವವರ ಮನೆಗೆ ಹೋಗಿ ಬಂದರಂತೆ. ನನ್ನದು ಮಕರ ರಾಶಿ, ಶನಿಯ ಏಳೂವರೆ ವರ್ಷದ ಕಾಟ, ಸಾಡೇಸಾತಿಯ ಕಡೆಯ ಹಂತವಂತೆ. “ಶನಿ ತಲಿಯಿಂದ ಇಳ್ಕೋತ ಇಳ್ಕೋತ ಈಗ ಕಾಲಾಗ ಬಂದು ಕುಂತಾನಂತವಾ. ಹೋಗೂ ಮುಂಚಿ ಕಾಲು ಮುರದೇ ಹೋಗ್ತಾನಂತ.”

“ಹಂಗಾದ್ರ ಭಾನುವಾರ ಆತಗೂ ಗುಡ್ಡ ಹತ್ತಿಸ್ತೀನಿ ತಗೋ ಅತ್ತಿ.”

ಆಗಲೂ ನಗಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ತಮಾಷೆ ಮಾಡಬಾರದಿತ್ತು.

ಫೆಬ್ರವರಿ 8, ಶನಿವಾರ. ಮಧ್ಯಾಹ್ನ 12.50

ಬೂಟು ಕಾಣುತ್ತಿಲ್ಲ.

ಬೆಳಿಗ್ಗೆ ಶಾಲೆಗೆ ಹೋಗುವಾಗ ಬಾಗಿಲ ಹಿಂದೆ ಇದ್ದವು. ಈಗ ಬ್ಯಾಗ್ ಕಟ್ಟೋಣವೆಂದು ನೋಡಿದರೆ ಇಲ್ಲ. ಮಂಚದ ಕೆಳಗೆ ಇಲ್ಲ. ಹಿತ್ತಿಲಲ್ಲಿ ಇಲ್ಲ. ಪುಟ್ಟಿ ನೀರಿನ ತೊಟ್ಟಿಗೆ ಹಾಕಿರಬಹುದೆಂದು ಅದರಲ್ಲೂ ಕೈಯಾಡಿಸಿದೆ. ಅತ್ತೆ ಪಕ್ಕದ ಮನೆಯಲ್ಲಿ. ಹಳೆಯವು ಮಾತ್ರ ಇಲ್ಲೇ ಬಿದ್ದಿವೆ, ಹಲ್ಲು ಕಿರಿದುಕೊಂಡು. ಅತ್ತೆಯನ್ನು ಕೇಳಬೇಕು —

ಮಧ್ಯಾಹ್ನ 3

ಬರೆಯದಿದ್ದರೆ ತಲೆ ಒಡೆಯುತ್ತದೆ.

ಅತ್ತೆ ಬಂದರು. ಕೇಳಿದೆ. ಪಲ್ಯಕ್ಕೆ ಹಾಕಿದ ಉಪ್ಪಿನ ಮಾತು ಹೇಳುವ ಹಾಗೆ ಹೇಳಿದರು: “ಹಣಮಪ್ಪನ ಗುಡಿ ಮುಂದ ಬಿಟ್ಟು ಬಂದೀನಿ. ತಿರುಗಿ ನೋಡಿಲ್ಲ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಶನಿವಾರ ಗುಡಿಗೆ ಹೋಗಿ, ಕಾಲಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ಹಿಂದೆ ನೋಡದೆ ಬರಿಗಾಲಲ್ಲಿ ಬಂದರೆ ಶನಿ ಅದರ ಜೊತೆ ಹೋಗುತ್ತಾನೆ. ಎಲ್ಲರೂ ಮಾಡುತ್ತಾರೆ. ಆದರೆ ಎಲ್ಲರೂ ಬಿಡುವುದು ಹರಿದ ಚಪ್ಪಲಿ!

“ಹಳೇವು ಇದ್ವಲ್ಲ ಅತ್ತಿ! ಅವನ್ನ ಬಿಡಬೇಕಿತ್ತು!”

“ಹಳೇವು ಬಿಟ್ರ ಶನಿ ಮೋಸ ಹೋಗ್ತಾನೇನು? ಆತ ಹುಚ್ಚನೇನು? ನಿನಗ ಯಾವು ಪ್ರೀತಿನೋ ಅವನ್ನೇ ಬಿಡಬೇಕು. ಅಂದ್ರ ಹೋಗ್ತಾನ.”

ಏನೇನೋ ಅಂದೆ. ಬರೆಯಲಾರೆ. ಅವರು ಬಾಗಿಲಿಗೆ ಒರಗಿ ಕೇಳಿಸಿಕೊಂಡರು, ಕಡೆಗೆ ಒಂದೇ ಮಾತು: “ಬೈಯಿ. ಎಷ್ಟರ ಬೈಯಿ. ನಿನ್ನ ಕಾಲು ಉಳೀಲಿ.”

ಗುಡಿಗೆ ಓಡಿದೆ. ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ. ನೀಲಿ ಇಲ್ಲ. ಕಾಯಿ ಮಾರುವ ಮುದುಕಿಯನ್ನು ಕೇಳಿದೆ. “ಯಾರೋ ಒಂದು ಹುಡುಗಿ ಹಾಕ್ಕೊಂಡು ಹೋದ್ಳವಾ. ಬಿಟ್ಟಾವು ಮುಟ್ಟಬ್ಯಾಡ ಅಂದೆ, ಕೇಳಲಿಲ್ಲ. ಬಸ್‌ಸ್ಟ್ಯಾಂಡ್ ಕಡಿಗಿ ಹೋದ್ಳು.” ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಕಾಲು ನೋಡುತ್ತ ತಿರುಗಿದೆ. ಜನ ನನ್ನನ್ನೇ ನೋಡತೊಡಗಿದರು.

ಸಂಜೆ 6

ಶಹಾಪುರದ ಮೂರೂ ಅಂಗಡಿಯಲ್ಲಿ ಕೇಳಾಯಿತು. ಗುಲಾಬಿ ಬಣ್ಣದ ವಾಕಿಂಗ್ ಶೂ ತೋರಿಸುತ್ತಾರೆ. ಸರ್ ಯಾದಗಿರಿಯ ಅಂಗಡಿಗಳಿಗೆ ಫೋನ್ ಹಚ್ಚಿದರು, ಇಲ್ಲ. ಕಡೆಗೆ ಹೇಳಿದರು: “ಹಳೇ ಬೂಟಿನ ಮೂತಿ ಕತ್ತರಿಸು. ಬೆರಳು ಹೊರಗ ಬರಲಿ. ಉಗುರರ ಉಳಿತಾವ.”

ಕತ್ತರಿಸಿದೆ. ಬೆರಳು ಹೊರಗೆ ಬಂದವು. ನುಣ್ಣನೆಯ ಅಡಿ ಹಾಗೇ ಇದೆ.

ಇವರು ಫೋನಿನಲ್ಲಿ ಮೊದಲು ನಕ್ಕುಬಿಟ್ಟರು. ಆಮೇಲೆ ದನಿ ಇಳಿಸಿದರು. “ಅವ್ವಗ ಏನೂ ಅನಬ್ಯಾಡ ಜ್ಯೋತಿ. ಪ್ರೀತಿಲೇ ಮಾಡ್ಯಾಳ.” ಅದು ನನಗೆ ಗೊತ್ತಿಲ್ಲವೇ? ಅದಕ್ಕೇ ಉರಿಯುತ್ತಿದೆ. ದ್ವೇಷದಿಂದ ಮಾಡಿದ್ದರೆ ಒಂದು ಬಾಗಿಲು ಹಾಕಿ ಕೂತರೆ ಮುಗಿಯುತ್ತಿತ್ತು.

ನಾಳೆ ಗೆದ್ದರೆ — ಶನಿ ಹೋದದ್ದಕ್ಕೆ ಗೆದ್ದೆ. ಸೋತರೆ — ನಾನೇ ಸೋತೆ. ಎರಡರಲ್ಲೂ ಅತ್ತೆಯದೇ ಸರಿ.

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ 6.50. ಸುರಪುರ

ಸರ್ ಜೊತೆ ಬಂದೆ. ಚಳಿ. ಬರುವಾಗ ಅತ್ತೆ ಕಾಲುಂಗುರಕ್ಕೆ ಕೈಚಾಚಿದರು. ಮುಖ ನೋಡದೆ ಬಿಚ್ಚಿ ಕೊಟ್ಟೆ. ಸೆರಗಿಗೆ ಗಂಟು ಹಾಕಿಕೊಂಡರು.

ಗುಡ್ಡ ನೋಡಿದೆ. ಎರಡು ಸುತ್ತು ಹತ್ತಿ ಇಳಿಯಬೇಕು. ಇಳಿಯುವ ದಾರಿಯ ಮೊದಲ ತಿರುವಿನಲ್ಲೇ ಇಳಿಜಾರು ಬಂಡೆ, ಕೆಳಗೆ ಕಲ್ಲುಗಳ ರಾಶಿ. ಅಲ್ಲಿ ಬಿದ್ದರೆ ಮೊಣಕಾಲು ಅಲ್ಲ, ತಲೆ.

ಹತ್ತಿಕುಣಿಯ ಗುರುದೇವಿ ಬಂದಿದ್ದಾಳೆ. ಸರ್ ತೋರಿಸಿದರು. ಕಡ್ಡಿಯಂಥ ಹುಡುಗಿ, ಎರಡು ಜಡೆ. ಅವಳ ಕಾಲಲ್ಲಿ —

ಬೆಳಿಗ್ಗೆ 11.20

ಬೇವಿನ ಮರದ ಕೆಳಗೆ ಕೂತಿದ್ದೇನೆ. ಸರ್ ಗಾಡಿ ತರಲು ಹೋಗಿದ್ದಾರೆ. ಮೊದಲಿಂದ ಬರೆಯುತ್ತೇನೆ.

ಅವಳ ಕಾಲಲ್ಲಿ ನನ್ನ ಬೂಟು. ನೀಲಿ, ಕಿತ್ತಳೆ ಲೇಸು, ಎಡಗಾಲಿನ ಬದಿಗೆ ಬುಧವಾರ ಬಿದ್ದಾಗಿನ ಗೀರು. ನೆಟ್ಟಗೆ ಅವಳ ಎದುರು ಹೋಗಿ ನಿಂತೆ. “ಎಲ್ಲಿ ತಗೊಂಡಿ ಇವನ್ನ?”

ಹುಡುಗಿ ಹಲ್ಲು ಬಿಟ್ಟು ನಕ್ಕಳು. “ಹಣಮಪ್ಪ ಕೊಟ್ಟಾನ್ರೀ ಅಕ್ಕ. ನಿನ್ನಿ ಶಹಾಪುರದಾಗ ನಮ್ಮ ಚಿಗವ್ವನ ಮನಿಗಿ ಬಂದಿದ್ದೆ. ನನ್ನ ಬೂಟಿನ ಅಡಿ ದಾರ್ಯಾಗೇ ಕಿತ್ತು ಹೋಗಿತ್ತು. ಬರಿಗಾಲಾಗ ಗುಡಿಗಿ ಹೋಗಿ ಅಳಕೋತ ಕೈ ಮುಗದೆ. ಹೊರಗ ಬಂದ್ರ ಇವು ಇದ್ದು ನೋಡ್ರಿ! ಶನಿವಾರ ಬಿಟ್ಟಾವು, ಮುಟ್ಟಬ್ಯಾಡ ಅಂದ್ರು. ನಾ ಅಂದೆ, ಶನಿ ಬಂದ್ರ ಬರಲಿ, ನನ್ನ ಕೂಡ ಒಂದೇಟು ಓಡ್ಲಿ.”

ಇವು ನನ್ನವು, ಬಿಚ್ಚು ಎನ್ನಬಹುದಿತ್ತು. ಸರ್ ಸಾಕ್ಷಿ ಇದ್ದರು. ಬಿಚ್ಚುತ್ತಿದ್ದಳು. ಬರಿಗಾಲಲ್ಲಿ ಈ ಗುಡ್ಡ ಓಡುತ್ತಿದ್ದಳು, ಅಥವಾ ಓಡುತ್ತಿರಲಿಲ್ಲ. ಹಾಗೆಂದು ನಾನೇನು ದೊಡ್ಡ ಮನಸ್ಸಿನವಳಲ್ಲ. ಕೇಳುವುದೋ ಬಿಡುವುದೋ ಎಂದು ಅಲ್ಲೇ ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಗೆರೆಗೆ ಬನ್ನಿ ಎಂದು ಕೂಗಿದರು.

ಗೆರೆಯ ಮೇಲೆ ನಿಂತಾಗ ನೋಡಿದೆ. ಹುಡುಗಿಯ ಹಿಮ್ಮಡಿ ಪ್ರತಿ ಹೆಜ್ಜೆಗೂ ಬೂಟಿನಿಂದ ಮೇಲೆ ಬರುತ್ತಿದೆ. ಅವಳ ಕಾಲು ಸಣ್ಣದು. ಏಳು ಅವಳಿಗೆ ದೊಡ್ಡದು. ಮೊದಲ ತಿರುವಿನಲ್ಲೇ ಬೀಳುತ್ತಾಳೆ ಎಂದು ನನಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಖುಷಿಯಾಯಿತು. ಹೌದು, ಖುಷಿಯಾಯಿತು, ಒಂದು ಕ್ಷಣ. ಆಮೇಲೆ ಆ ಬಂಡೆ, ಅದರ ಕೆಳಗಿನ ಕಲ್ಲುಗಳ ರಾಶಿ ಕಣ್ಣ ಮುಂದೆ ಬಂತು.

“ಸಡ್ಲ ಆಗ್ಯಾವೇನು?” ಎಂದೆ.

“ಒಂಚೂರು ಆಗ್ಯಾವ್ರೀ ಅಕ್ಕ. ನಡೀತದ.”

“ನಡಿಯೂದಿಲ್ಲ. ಕಾಲು ಕೊಡಿಲ್ಲಿ.”

ಮೊಣಕಾಲೂರಿ ಕೂತೆ, ಗಾಯದ ಮೊಣಕಾಲನ್ನೇ ಊರಿದ್ದೆ. ನನ್ನ ಬ್ಯಾಗಿನಿಂದ ದಪ್ಪನೆಯ ಕಾಲುಚೀಲ ತೆಗೆದು ಹಾಕಿಸಿದೆ. ಲೇಸನ್ನು ಎಲ್ಲಕ್ಕಿಂತ ಮೇಲಿನ ತೂತಿಗೆ ಪೋಣಿಸಿ, ಎರಡೂ ಬದಿಗೆ ಕುಣಿಕೆ ಮಾಡಿ, ಒಂದರೊಳಗೆ ಒಂದು ಎಳೆದು ಬಿಗಿದೆ. ಹಾಗೆ ಕಟ್ಟಿದರೆ ಹಿಮ್ಮಡಿ ಅಲುಗುವುದಿಲ್ಲ. ನನ್ನ ಬೂಟಿಗೆ ನಾನೇ ಲೇಸು ಕಟ್ಟಿದೆ, ಇನ್ನೊಬ್ಬಳ ಕಾಲಿನ ಮೇಲೆ. ಸರ್ ದೂರದಿಂದ ನೋಡುತ್ತಿದ್ದರು. ಬೂಟು ಅವರಿಗೂ ಗುರುತು ಸಿಕ್ಕಿತ್ತು. ಟೊಪ್ಪಿಗೆ ತೆಗೆದು ತಲೆ ತುರಿಸಿಕೊಂಡರು.

ಓಡಿದೆ. ಹತ್ತುವಾಗ ಮೂರನೆಯವಳು. ಇಳಿಯುವಾಗ ಕಳೆದದ್ದನ್ನು ಮತ್ತೆ ಹತ್ತುವಾಗ ಹಿಡಿದೆ, ಎರಡನೇ ಸುತ್ತಿಗೂ ತುದಿಯಲ್ಲಿ ಮೂರನೆಯವಳು! ಎದೆ ಸೀಳುತ್ತಿತ್ತು, ಆದರೂ ಹಿಂದೆ ಯಾರೂ ಇರಲಿಲ್ಲ. ಇಳಿಯತೊಡಗಿದೆ. ಹಳೆಯ ಅಡಿ ಬಂಡೆಯ ಮೇಲೆ ಹಿಡಿಯುತ್ತಿಲ್ಲ. ಬೆರಳಿಗೆ ಕಲ್ಲು ಬಡಿಯಿತು, ರಕ್ತ ಬಂತು. ಜಾರುತ್ತೇನೆಂದು ಮೆಲ್ಲಗೆ, ಮೆಲ್ಲಗೆ. ಆಗ ಹಿಂದಿನಿಂದ ಚಟ್ ಚಟ್ ಸದ್ದು. ಪಕ್ಕದಲ್ಲೇ ನೀಲಿ ದಾಟಿತು. “ಸರೀರಿ ಅಕ್ಕ!” ಎಂದು ಕೂಗುತ್ತ ಹೋದಳು. ಬಂಡೆಯ ಮೇಲೆ ನನ್ನ ಬೂಟು ಹೇಗೆ ಹಿಡಿಯುತ್ತದೆ ಎಂದು ಮೊದಲ ಸಲ ಹಿಂದಿನಿಂದ ನೋಡಿದೆ. ಒಂದು ಸಲವೂ ಜಾರಲಿಲ್ಲ.

ನಾಲ್ಕು. ನಾನು ನಾಲ್ಕು.

ಗುರುದೇವಿ ಮೂರು.

ನನ್ನ ಬೂಟು ರಾಜ್ಯ ತಂಡಕ್ಕೆ ಆಯ್ಕೆಯಾಗಿವೆ. ನಾನು ಆಗಿಲ್ಲ.

ಆ ಹುಡುಗಿ ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. “ನೀವು ಕಟ್ಟಿದ್ದಕ್ಕೇ ಅಕ್ಕ,” ಎಂದಳು. ಒಳ್ಳೆಯದಾಗಲಿ ಎಂದೆ. ಅರ್ಧ ಮನಸ್ಸಿನಿಂದ ಎಂದೆ. ಉಳಿದ ಅರ್ಧ ಇಲ್ಲಿ ಮರದ ಕೆಳಗೆ ಕೂತು ಅಳುತ್ತಿದೆ.

ಸಂಜೆ 4.30. ಮನೆ

ಅತ್ತೆ ಬಾಗಿಲಲ್ಲೇ ಇದ್ದರು. ನಾನು ಗಾಡಿ ಇಳಿಯುವ ಮೊದಲೇ ತಂಬಿಗೆ ನೀರು ತಂದರು. “ಬಿದ್ದಿಯೇನವ್ವಾ?” ಅದೇ ಮೊದಲ ಮಾತು. ಇಲ್ಲ ಎಂದೆ. ನಂಬದೆ ಮೊಣಕಾಲು ನೋಡಿದರು, ಮೊಣಕೈ ನೋಡಿದರು, ಅಂಗೈ ತಿರುಗಿಸಿ ನೋಡಿದರು. ಬೆರಳಿನ ರಕ್ತ ಒಂದು ಲೆಕ್ಕವೇ ಅಲ್ಲ ಅವರಿಗೆ. “ಹೋದ ನೋಡು! ಕಾಲು ಬಿಟ್ಟು ಹೋದ!” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗಂಟು ಬಿಚ್ಚಿ ಕಾಲುಂಗುರ ತಾವೇ ತೊಡಿಸಿದರು. ಎಷ್ಟನೆಯವಳಾಗಿ ಬಂದೆ ಎಂದು ಕೇಳಲೇ ಇಲ್ಲ. ನಾನು ಬಿದ್ದಿಲ್ಲ, ಅಷ್ಟು ಸಾಕು ಅವರಿಗೆ. ಇಂಥವರ ಮೇಲೆ ಸಿಟ್ಟನ್ನು ಎಲ್ಲಿ ಇಡುವುದು?

ಸಂಜೆ 6.15

ಪುಟ್ಟಿ ಮಲಗಿದೆ. ಅತ್ತೆ ಇಲ್ಲೇ ಎದುರು ಕೂತು ಅವರೆಕಾಯಿ ಬಿಡಿಸುತ್ತಿದ್ದಾರೆ. ನಾನು ಬರೆಯುತ್ತಿದ್ದೇನೆ. ಈಗ ಕೇಳಿದರು, ತಲೆ ಎತ್ತದೆ.

“ಎಷ್ಟನೇದಾಕಿ ಆದಿ?”

“ನಾಲ್ಕು.”

ಕೈ ನಿಂತಿತು. ನಾಲ್ಕು ಅಂದರೆ ಏನೆಂದು ಅವರಿಗೂ ಗೊತ್ತು. ಓಟ ಬಿಡುತ್ತೇನೆ ಎಂದದ್ದೂ ಗೊತ್ತು.

“ಮೂರನೇದಾಕಿ ಯಾರು?”

“ಹತ್ತಿಕುಣಿ ಹುಡುಗಿ.”

“ನಿನಗಿಂತ ಜೋರು ಓಡ್ತಾಳೇನು?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹೌದು ಎನ್ನಬೇಕೆಂದೇ ಬಾಯಿ ತೆರೆದೆ. “ಇಳಿಯೂದ್ರಾಗ ಜೋರು. ಆಕಿ ಬೂಟು ಛಲೋ ಇದ್ವು ಅತ್ತಿ.” ನಾಲಿಗೆ ಕಚ್ಚಿಕೊಂಡೆ.

ಅತ್ತೆ ಮೊರ ಪಕ್ಕಕ್ಕೆ ಸರಿಸಿದರು. ನನ್ನ ಮುಖವನ್ನೇ ನೋಡುತ್ತಿದ್ದಾರೆ. ನಾನು ತಲೆ ಎತ್ತದೆ ಬರೆಯುತ್ತಲೇ ಇದ್ದೇನೆ.

ಈಗ ಮೆಲ್ಲಗೆ ಕೇಳಿದರು. “ಯಾವ ಬಣ್ಣದಾವು?”

ನಾನು ಪೆನ್ನು ಕೆಳಗಿಡುತ್ತಿದ್ದೇನೆ. ನೀಲಿ ಎಂದೇ ಹೇಳಬೇಕು.